ಬಲೆಯಿಂದ ಎದ್ದ ನಗರ

ಕೊನೆಯ ಹಿಮಯುಗದಲ್ಲಿ ಕಡಲು ಈಗಿರುವುದಕ್ಕಿಂತ ಸುಮಾರು 120 ಮೀಟರ್ ಕೆಳಗಿತ್ತು. ಭೂಮಿಯ ಅಪಾರ ನೀರು ಹಿಮವಾಗಿ ಹೆಪ್ಪುಗಟ್ಟಿ ಉತ್ತರದ ನೆಲಗಳ ಮೇಲೆ ಕೂತಿತ್ತು. ಇಂದು ಸೈಬೀರಿಯಾವನ್ನೂ ಅಲಾಸ್ಕಾವನ್ನೂ ಬೇರೆ ಮಾಡಿರುವ ಬೇರಿಂಗ್ ಜಲಸಂಧಿ ಅಂದು ಹುಲ್ಲು ಬೆಳೆಯುವ ಒಣನೆಲ. ಅಲ್ಲಿ ಮ್ಯಾಮತ್ ಆನೆಗಳು, ಕಾಡುಕುದುರೆಗಳು, ಬೈಸನ್ ಹಿಂಡುಗಳು ಮೇಯುತ್ತಿದ್ದವು. ಹಿಂಡಿನ ಬೆನ್ನು ಹಿಡಿದು ಮನುಷ್ಯ ಬಂದ. ಹೊಸ ಖಂಡಕ್ಕೆ ಕಾಲಿಡುತ್ತಿದ್ದೇನೆಂದು ಅವನಿಗೇನು ಗೊತ್ತು? ನಿನ್ನೆ ಬೇಟೆ ಸಿಕ್ಕ ಜಾಗಕ್ಕಿಂತ ಇಂದು ಒಂದಿಷ್ಟು ಮುಂದೆ ಹೋದ, ಅಷ್ಟೆ. ಅಮೆರಿಕವನ್ನು ಕಂಡುಹಿಡಿದ ಕೀರ್ತಿ ಯಾರಿಗಾದರೂ ಸಲ್ಲಬೇಕಾದರೆ ಹೆಸರಿಲ್ಲದ ಈ ಸಂಸಾರಗಳಿಗೆ ಸಲ್ಲಬೇಕು.

ಅವರು ಬಂದದ್ದು ಎಂದು ಎಂಬುದರ ಬಗ್ಗೆ ಪಂಡಿತರ ವಾಗ್ವಾದ ಇನ್ನೂ ಮುಗಿದಿಲ್ಲ. ನ್ಯೂ ಮೆಕ್ಸಿಕೋದ ಕ್ಲೋವಿಸ್ ಎಂಬ ಊರಿನ ಬಳಿ ಸಿಕ್ಕ ಚೂಪಾದ ಕಲ್ಲಿನ ಈಟಿಮೊನೆಗಳನ್ನು ನಂಬಿ, ಸುಮಾರು 13,000 ವರ್ಷಗಳ ಹಿಂದೆ ಎಂಬ ಲೆಕ್ಕ ಬಹುಕಾಲ ವೇದವಾಕ್ಯವಾಗಿತ್ತು. ಆಮೇಲೆ ದಕ್ಷಿಣ ಚಿಲಿಯ ಮೊಂಟೆ ವೆರ್ದೆಯಲ್ಲಿ ಪುರಾತತ್ವಜ್ಞ ಟಾಮ್ ಡಿಲ್ಲೆಹೆ ಅಗೆದಾಗ, ಕೆಸರಿನಲ್ಲಿ ಕೊಳೆಯದೆ ಉಳಿದಿದ್ದ ಗುಡಾರದ ಮರ, ಕಡಲಪಾಚಿ, ಕಾಡು ಆಲೂಗಡ್ಡೆಯ ಚೂರುಗಳು ಹೊರಬಂದವು. ಅವುಗಳ ವಯಸ್ಸು 14,500 ವರ್ಷ ಎಂದು ನಿರ್ಣಯವಾಯಿತು. 2021ರಲ್ಲಿ ನ್ಯೂ ಮೆಕ್ಸಿಕೋದ ವೈಟ್ ಸ್ಯಾಂಡ್ಸ್‌ನ ಒಣಗಿದ ಕೆರೆಯಂಗಳದ ಹೆಜ್ಜೆಗುರುತುಗಳ ಸುದ್ದಿ ಹೊರಬಿದ್ದಿತು. ಅವುಗಳಿಗೆ 21,000ದಿಂದ 23,000 ವರ್ಷ. ಹೆಚ್ಚಿನವು ಮಕ್ಕಳ, ಹರೆಯದವರ ಪಾದಗಳು. ಇತಿಹಾಸಕಾರರು ಬೇಟೆಗಾರ ವೀರರನ್ನೇ ಚಿತ್ರಿಸಿಕೊಂಡಿದ್ದರು. ಮಣ್ಣು ಕೆಸರಾಟವಾಡುವ ಮಕ್ಕಳನ್ನು ತೋರಿಸಿತು.

ಹಿಮ ಕರಗಿತು, ಬೇರಿಂಗ್‌ನ ನೆಲಸೇತುವೆ ಮುಳುಗಿತು, ಎರಡು ಲೋಕಗಳು ಪರಸ್ಪರ ಮರೆತವು. ನೈಋತ್ಯ ಮೆಕ್ಸಿಕೋದ ಬಾಲ್ಸಾಸ್ ಕಣಿವೆಯಲ್ಲಿ ಜನ ಟಿಯೋಸಿಂಟೆ ಎಂಬ ಬಡಕಲು ಹುಲ್ಲನ್ನು ಆರಿಸಿ ಆರಿಸಿ ಬಿತ್ತುತ್ತ, ಸುಮಾರು 9,000 ವರ್ಷಗಳ ಹಿಂದೆ ಅದನ್ನು ಮೆಕ್ಕೆಜೋಳವನ್ನಾಗಿ ತಿದ್ದಿದರು. ಕುಂಬಳ ಅದಕ್ಕೂ ಹಿರಿದು. ಆಂಡಿಸ್ ಪರ್ವತದವರು ಆಲೂಗಡ್ಡೆಯನ್ನು ಪಳಗಿಸಿದರು, ಲಾಮಾವನ್ನು ಮಂದೆಗೆ ತಂದರು. ಪೆರುವಿನ ಉತ್ತರ ಕರಾವಳಿಯ ಹುವಾಕಾ ಪ್ರಿಯೆಟಾದಲ್ಲಿ ಹತ್ತಿಯ ಬಟ್ಟೆಗೆ ನೀಲಿ ಬಣ್ಣ ಹಾಕುತ್ತಿದ್ದರು. ಅಲ್ಲಿ ಸಿಕ್ಕ 6,000 ವರ್ಷ ಹಳೆಯ ಚಿಂದಿಗಿಂತ ಹಿಂದಿನ ನೀಲಿ ಅದ್ದಿಗೆ ಜಗತ್ತಿನ ಬೇರೆಲ್ಲೂ ಗೊತ್ತಿಲ್ಲ.

ಇನ್ನು ಸುಪೆ ಕಣಿವೆಯ ಕಥೆ. ಲಿಮಾ ನಗರದಿಂದ ಉತ್ತರಕ್ಕೆ ಸುಮಾರು 180 ಕಿಲೋಮೀಟರ್ ಹೋದರೆ ಪೆರುವಿನ ಕರಾವಳಿ ಬರಿಯ ಮರಳುಗಾಡು. ಮಳೆಯೆಂಬುದು ಇಲ್ಲವೆನ್ನುವಷ್ಟು ಕಡಿಮೆ. ಆಂಡಿಸ್‌ನಿಂದ ಇಳಿಯುವ ಪುಟ್ಟ ಹೊಳೆಗಳು ಮಾತ್ರ ಆ ಬೂದುಬಣ್ಣದ ನೆಲದ ನಡುವೆ ಹಸಿರು ಪಟ್ಟಿಗಳನ್ನು ಹಾಸಿವೆ. ಎದುರಿನ ಕಡಲಾದರೋ ಅಕ್ಷಯಪಾತ್ರೆ. ಹಂಬೋಲ್ಟ್ ಪ್ರವಾಹದ ತಣ್ಣೀರು ತಳದ ಸತ್ವವನ್ನು ಮೇಲೆತ್ತುತ್ತದೆ. ಬೆರಳುದ್ದದ ಆಂಚೊವಿಯೂ, ನಮ್ಮ ಕರಾವಳಿಯ ಭೂತಾಯಿಯ ನೆಂಟನಾದ ಸಾರ್ಡಿನ್ ಮೀನೂ ಅಲ್ಲಿ ಲೆಕ್ಕವಿಲ್ಲದಷ್ಟು. ಸಣ್ಣ ಮೀನನ್ನು ಗಾಳದಿಂದ ಹಿಡಿದು ಊರನ್ನು ಸಾಕಲಾಗದು. ಬಲೆ ಬೇಕು, ಬಲೆಗೆ ನೂಲು ಬೇಕು, ನೂಲಿಗೆ ಹತ್ತಿ ಬೇಕು. ಹತ್ತಿ ಬೆಳೆಯುವುದು ಕಡಲಂಚಿನಲ್ಲಲ್ಲ, ಒಳಕಣಿವೆಯ ಕಾಲುವೆ ನೀರಿನಲ್ಲಿ.

ಕೊಡುಕೊಳ್ಳುವ ಸಂಬಂಧ ಇಲ್ಲಿಂದ ಶುರುವಾಯಿತು. ಹೊಳೆಯ ಬಾಯಲ್ಲಿದ್ದ ಆಸ್ಪೆರೋದ ಬೆಸ್ತರು ಒಣಮೀನನ್ನೂ ಚಿಪ್ಪುಮೀನನ್ನೂ ಒಳನಾಡಿಗೆ ಕಳಿಸಿದರು. ಒಳನಾಡಿನವರು ಹತ್ತಿ, ಬಲೆಗೆ ತೇಲುಬುರುಡೆಯಾಗುವ ಸೋರೆ, ಕುಂಬಳ, ಸಿಹಿಗೆಣಸು, ಅವರೆಯಂಥ ಕಾಳು, ಸೀಬೆಹಣ್ಣು ಕಳಿಸಿದರು. ಈ ವ್ಯಾಪಾರದ ಗಂಟು ಬಿದ್ದ ಕಡೆ, ಕಡಲಿನಿಂದ ಸುಮಾರು 20 ಕಿಲೋಮೀಟರ್ ಒಳಗೆ, ಕರಾಲ್ ನಗರ ಎದ್ದಿತು. ಅಂದಿನ ಆ ಹತ್ತಿಯ ಪ್ರಭೇದ ಗಾಸಿಪಿಯಂ ಬಾರ್ಬಡೆನ್ಸ್. 1972ರಲ್ಲಿ ಧಾರವಾಡದಲ್ಲಿ ಹುಟ್ಟಿದ ವರಲಕ್ಷ್ಮಿ ಹತ್ತಿ ತಳಿಯ ತಾಯ್ತಂದೆಗಳಲ್ಲಿ ಒಂದು ಇದೇ ಪ್ರಭೇದದ್ದೆಂಬುದು ಬಯಲುಸೀಮೆಯ ರೈತರ ನೆನಪಿಗೆ.

ಕರಾಲ್‌ನ ದಿಬ್ಬಗಳನ್ನು ಹಿಂದೆಯೂ ಜನ ಕಂಡಿದ್ದರು. ಆದರೆ ಮಡಕೆಯ ಒಂದು ಚೂರೂ, ಚಿನ್ನದ ಒಂದು ತುಣುಕೂ ಸಿಗದ ಜಾಗಕ್ಕೆ ಯಾರು ಮನಸ್ಸು ಕೊಟ್ಟಾರು! ಪೆರುವಿನ ಪುರಾತತ್ವಜ್ಞೆ ರುತ್ ಶಾಡಿ 1990ರ ದಶಕದಲ್ಲಿ ಹಠ ಹಿಡಿದು ಅಗೆದರು. ಮಡಕೆ ಸಿಗದಿರುವುದೇ ಸುಳಿವಾಯಿತು: ಇದು ಆ ನಾಡಿಗೆ ಕುಂಬಾರಿಕೆ ಬರುವ ಮೊದಲಿನ ನಗರ. ಕಟ್ಟುವವರು ಜೊಂಡಿನ ಚೀಲಗಳಲ್ಲಿ ಕಲ್ಲು ತುಂಬಿ ಹೊತ್ತುತಂದು, ಚೀಲ ಸಮೇತ ಗೋಡೆಗಳ ನಡುವೆ ಪೇರಿಸಿದ್ದರು. ಶಿಕ್ರಾ ಎಂಬ ಈ ಚೀಲಗಳು ಭೂಕಂಪ ಬಂದಾಗ ಕಲ್ಲನ್ನು ಚೆದುರಗೊಡುತ್ತಿರಲಿಲ್ಲ. ಅವುಗಳ ಜೊಂಡನ್ನೇ ಪರೀಕ್ಷಿಸಿ 2001ರಲ್ಲಿ ಶಾಡಿ ಮತ್ತು ಸಂಗಡಿಗರು ಪ್ರಕಟಿಸಿದ ಕಾಲ ಕ್ರಿ.ಪೂ. 2627. ಅಂದರೆ ಗೀಜಾದ ಮಹಾಪಿರಮಿಡ್ ಏಳುತ್ತಿದ್ದ, ಹರಪ್ಪ ಮೊಹೆಂಜೊದಾರೊಗಳು ಇಟ್ಟಿಗೆಯ ಬೀದಿ ಹಾಸುತ್ತಿದ್ದ ಕಾಲದಲ್ಲಿ, ಅವರ ಸುಳಿವೇ ಇಲ್ಲದ ಇನ್ನೊಂದು ಜನ ತಮ್ಮ ಪಾಡಿಗೆ ನಗರ ಕಟ್ಟುತ್ತಿದ್ದರು.

60 ಹೆಕ್ಟೇರಿಗೂ ಮಿಕ್ಕ ಆ ನಗರದಲ್ಲಿ ಆರು ದೊಡ್ಡ ಪಿರಮಿಡ್‌ಗಳು. ಅವು ಗೋರಿಗಳಲ್ಲ, ನೆತ್ತಿಯ ಮೇಲೆ ಪೂಜೆ ನಡೆಯುತ್ತಿದ್ದ ಮಜಲುಮಜಲಿನ ಜಗಲಿಗಳು. ಮುಂದೆ ನೆಲದೊಳಕ್ಕೆ ತೋಡಿದ ವೃತ್ತಾಕಾರದ ಅಂಗಳಗಳು. ಒಂದು ಅಂಗಳದ ಬಳಿ 32 ಕೊಳಲುಗಳು ಒಟ್ಟಿಗೆ ಸಿಕ್ಕವು, ಪೆಲಿಕನ್ ಮತ್ತು ಕಾಂಡೋರ್ ಹಕ್ಕಿಗಳ ಮೂಳೆಯವು. ಜಿಂಕೆ, ಲಾಮಾಗಳ ಮೂಳೆಯಿಂದ ಮಾಡಿದ 37 ಕಹಳೆಗಳೂ ದೊರೆತವು. ಅನ್ನ ಬೇಯಿಸಲು ಒಂದು ಮಡಕೆಯಿಲ್ಲದ ಊರಿನಲ್ಲಿ ಮೇಳ ಕಟ್ಟುವಷ್ಟು ವಾದ್ಯಗಳು! ನಾಗರಿಕತೆಗೆ ಮೊದಲು ಧಾನ್ಯದ ಕಣಜ, ಆಮೇಲೆ ಮಡಕೆ, ಆಮೇಲೆ ಕೋಟೆ, ದಂಡು ಎಂದು ಪಠ್ಯಪುಸ್ತಕಗಳು ಮೆಸೊಪೊಟೇಮಿಯಾ ನೋಡಿ ಬರೆದ ಪಟ್ಟಿ ಇಲ್ಲಿ ತಲೆಕೆಳಗಾಗುತ್ತದೆ. ಕಡಲ ಮೀನೇ ಬುನಾದಿ ಎಂದು ಪುರಾತತ್ವಜ್ಞ ಮೈಕೆಲ್ ಮೋಸ್ಲಿ 1975ರಲ್ಲೇ ವಾದಿಸಿದ್ದರು. ಮೆಕ್ಕೆಜೋಳವೂ ಇತ್ತು ಎಂದು ಈಚಿನವರು ತಿದ್ದುತ್ತಾರೆ. ಇದ್ದಿರಲಿ, ಬಲೆಯಿಲ್ಲದೆ ಆ ಊರು ಇರುತ್ತಿರಲಿಲ್ಲ.

ಕರಾಲ್‌ನಲ್ಲಿ ಕೋಟೆಗೋಡೆಯಾಗಲಿ ಯುದ್ಧದ ಆಯುಧವಾಗಲಿ ಸಿಕ್ಕಿಲ್ಲ. ಅಷ್ಟರಿಂದಲೇ ಅದನ್ನು ರಾಮರಾಜ್ಯ ಎಂದುಬಿಡುವ ಉತ್ಸಾಹಿಗಳಿದ್ದಾರೆ. ನನಗೆ ಅಷ್ಟು ಧೈರ್ಯವಿಲ್ಲ. ಪಿರಮಿಡ್ ಪಕ್ಕದ ಮನೆಗಳು ದೊಡ್ಡವು, ಊರಂಚಿನವು ಚಿಕ್ಕವು. 2016ರಲ್ಲಿ ಆಸ್ಪೆರೋದಲ್ಲಿ 4,500 ವರ್ಷ ಹಿಂದಿನ ಒಬ್ಬ ಹೆಂಗಸಿನ ಸಮಾಧಿ ಸಿಕ್ಕಿತು. ಆಕೆಯ ಹೊದಿಕೆಗೆ ಕೋತಿ, ಹಕ್ಕಿಗಳ ರೂಪ ಕೆತ್ತಿದ ನಾಲ್ಕು ಮೂಳೆಪಿನ್ನುಗಳು. ಕೊರಳ ಸರದಲ್ಲಿ ಈಕ್ವೆಡಾರ್‌ನ ಬೆಚ್ಚನೆಯ ಕಡಲಿನ ಸ್ಪಾಂಡಿಲಸ್ ಚಿಪ್ಪು. ಅಷ್ಟು ದೂರದ ಒಡವೆ ಎಲ್ಲರ ಕೊರಳಿಗೆ ಬೀಳುವಂಥದ್ದಲ್ಲ.

ಸುಮಾರು ಕ್ರಿ.ಪೂ. 1800ರ ಹೊತ್ತಿಗೆ ಕಣಿವೆ ಬರಿದಾಯಿತು. ಭಾರೀ ಭೂಕಂಪಗಳು ಗುಡ್ಡದ ಕಲ್ಲುಮಣ್ಣನ್ನು ಸಡಿಲಿಸಿದವು; ಎಲ್ ನಿನೋ ಮಳೆ ಅದನ್ನು ಕಡಲಿಗೆ ತಳ್ಳಿತು; ಅಲೆಗಳು ಕರೆಗೆ ಎಸೆದ ಮರಳನ್ನು ಗಾಳಿ ಹೊಲಗಳ ಮೇಲೆ ಹರಡಿತು ಎಂಬುದು ಪುರಾತತ್ವಜ್ಞ ಡೇನಿಯಲ್ ಸ್ಯಾಂಡ್‌ವೈಸ್ ಮತ್ತು ಸಹಚರರ ವಿವರಣೆ. ಪ್ರಾಬಲ್ಯ ಉತ್ತರಕ್ಕೆ ಕಾಸ್ಮಾ ಕಣಿವೆಯತ್ತ ಸರಿಯಿತು. ಮಡಕೆ ಬಂದಿತು, ಮಗ್ಗ ಬಂದಿತು. ಆಮೇಲೆ 3,000 ಮೀಟರಿಗೂ ಎತ್ತರದಲ್ಲಿ ಚಾವಿನ್ ದೆ ಹುವಾಂತಾರ್ ದೇಗುಲ ಎದ್ದಿತು. ಅದರ ಕತ್ತಲ ಓಣಿಗಳಲ್ಲಿ ಕೋರೆಹಲ್ಲಿನ ದೇವರಿಗೆ ಪುರೋಹಿತರು ಶಂಖ ಊದಿದರು. ಆ ಶಂಖಗಳೂ ಈಕ್ವೆಡಾರ್‌ನ ಕಡಲಿನಿಂದಲೇ ಬಂದಿದ್ದವು.