ಲ್ಯಾಪ್‌ಟಾಪಿನಿಂದ ಇಳಿದುಹೋದ ಸಿ.ಡಿ. ಡ್ರೈವ್



ಜರ್ಮನಿಯ ಹ್ಯಾನೋವರ್ ನಗರದ ವಿಮಾನ ನಿಲ್ದಾಣ ಇರುವುದು ಲಾಂಗೆನ್‌ಹಾಗೆನ್ ಎಂಬ ಪಕ್ಕದ ಊರಿನಲ್ಲಿ. ಈ ಭಾಗದ ನಮ್ಮಂಥವರಿಗೆ ಅದು ಭಾರತಕ್ಕೆ ಹೊರಟಾಗ ಭಾರದ ಪೆಟ್ಟಿಗೆ ಎಳೆದುಕೊಂಡು ಓಡುವ ಜಾಗ, ಅಷ್ಟೆ. ಆದರೆ ಫಿಲಿಪ್ಸ್ ಸಂಸ್ಥೆ ಹೇಳುವಂತೆ, ಮಾರಾಟಕ್ಕೆಂದು ಮಾಡಿದ ಮೊಟ್ಟಮೊದಲ ಸಿ.ಡಿ. ಅಚ್ಚಾಗಿ ಹೊರಬಿದ್ದದ್ದು 1982ರ ಆಗಸ್ಟ್ 17ರಂದು, ಇದೇ ಲಾಂಗೆನ್‌ಹಾಗೆನ್‌ನ ಪಾಲಿಗ್ರಾಮ್ ಕಾರ್ಖಾನೆಯಲ್ಲಿ. ಸ್ವೀಡನ್ನಿನ ಅಬ್ಬಾ ತಂಡದ ಹಾಡುಗಳು ಅದರಲ್ಲಿದ್ದವು. ಅದೇ ವರ್ಷ ಅಕ್ಟೋಬರ್ 1ರಂದು ಜಪಾನಿನಲ್ಲಿ ಸೋನಿಯ ಮೊದಲ ಸಿ.ಡಿ. ಪ್ಲೇಯರ್ ಅಂಗಡಿಗೆ ಬಂತು.

ಈಗ ಹ್ಯಾನೋವರ್‌ನ ಯಾವುದೇ ದೊಡ್ಡ ಅಂಗಡಿಗೆ ಹೋಗಿ, ಲ್ಯಾಪ್‌ಟಾಪ್ ತೋರಿಸಿದ ಹುಡುಗನಿಗೆ "ಸಿ.ಡಿ. ಎಲ್ಲಿ ಹಾಕಬೇಕಪ್ಪಾ?" ಎಂದು ಕೇಳಿ ನೋಡಿ. ಅವನು ಅಜ್ಜಿಯನ್ನು ನೋಡಿದ ಹಾಗೆ ನೋಡುತ್ತಾನೆ. ಹುಟ್ಟೂರಿನಲ್ಲೇ ಈ ಸ್ಥಿತಿ! ಲ್ಯಾಪ್‌ಟಾಪಿನ ಹೊಟ್ಟೆಯೊಳಗೆ ಆ ಡ್ರೈವ್ ಇನ್ನೂ ಬೇಕೇ ಬೇಡವೇ ಎಂಬ ಪ್ರಶ್ನೆಗೆ ಸುಮ್ಮನೆ ಹೌದು, ಇಲ್ಲ ಎಂದುಬಿಡಬಹುದು. ಆದರೆ ಅದು ಬಂದ ದಾರಿ ನೋಡಿದರೆ ಪ್ರಶ್ನೆಯೇ ಸ್ವಲ್ಪ ಬೇರೆಯಾಗಿ ಕಾಣುತ್ತದೆ.

ತಟ್ಟೆಯ ಮೇಲೆ ದನಿ ಹಿಡಿದಿಡುವ ಕಸುಬು ಈ ಊರಿಗೆ ಹಳೆಯದು. ಗ್ರಾಮಫೋನ್ ಕಂಡುಹಿಡಿದ ಎಮಿಲ್ ಬರ್ಲಿನರ್ 1851ರಲ್ಲಿ ಹುಟ್ಟಿದ್ದು ಹ್ಯಾನೋವರ್‌ನಲ್ಲಿ. 1870ರಲ್ಲಿ ಅಮೆರಿಕಕ್ಕೆ ವಲಸೆ ಹೋದರು, ನಮ್ಮ ಹಾಗೆ ಅವರೂ ಅನಿವಾಸಿಯೇ. 1887ರಲ್ಲಿ ಗ್ರಾಮಫೋನಿಗೆ ಪೇಟೆಂಟ್ ಪಡೆದರು. 1898ರಲ್ಲಿ ತಮ್ಮ ಯೋಸೆಫ್ ಜೊತೆ ಸೇರಿ ಹುಟ್ಟೂರಿನಲ್ಲಿ ಡಾಯ್ಚ ಗ್ರಾಮಫೋನ್ ಸಂಸ್ಥೆ ಕಟ್ಟಿದರು. ಆ ಕಾಲದ ಕಪ್ಪು ತಟ್ಟೆಗಳಿಗೆ ಬೇಕಾದ ಮುಖ್ಯ ಸಾಮಗ್ರಿ ಅರಗು. ಅದು ಬಹುಪಾಲು ಹೋಗುತ್ತಿದ್ದದ್ದು ಭಾರತದಿಂದ.

ಅರಗಿನ ಹಿಂದೆ ದನಿಯೂ ಹೋಯಿತು. 1902ರ ನವೆಂಬರಿನಲ್ಲಿ ಫ್ರೆಡ್ ಗೈಸ್‌ಬರ್ಗ್ ಎಂಬ ಧ್ವನಿಮುದ್ರಣಕಾರರು ಕಲ್ಕತ್ತಾಕ್ಕೆ ಬಂದು ಗೌಹರ್ ಜಾನ್ ಅವರ ಹಾಡು ಹಿಡಿದುಕೊಂಡರು. ಆಗ ಭಾರತದಲ್ಲಿ ತಟ್ಟೆ ಒತ್ತುವ ಕಾರ್ಖಾನೆ ಇರಲಿಲ್ಲ. ಕಲ್ಕತ್ತಾದಲ್ಲಿ ಅದು ಶುರುವಾದದ್ದು 1908ರಲ್ಲಿ. ಹಾಗಾಗಿ ಮೂಲಪ್ರತಿಗಳು ಹಡಗು ಹತ್ತಿ ಹ್ಯಾನೋವರ್‌ಗೆ ಬಂದವು, ತಟ್ಟೆಗಳಾಗಿ ಒತ್ತಿಸಿಕೊಂಡು ಮತ್ತೆ ಹಡಗಿನಲ್ಲೇ ಭಾರತಕ್ಕೆ ಮರಳಿದವು. ಹಾಡಿನ ಕೊನೆಗೆ ಗೌಹರ್ ಜಾನ್ ಇಂಗ್ಲಿಷಿನಲ್ಲಿ ತಮ್ಮ ಹೆಸರು ಹೇಳುವುದನ್ನು ನಿಮ್ಮಲ್ಲಿ ಕೆಲವರಾದರೂ ಕೇಳಿರುತ್ತೀರಿ. ಭಾಷೆ ತಿಳಿಯದ ಹ್ಯಾನೋವರ್‌ನ ಕೆಲಸಗಾರರಿಗೆ ಯಾವ ತಟ್ಟೆ ಯಾರದ್ದು ಎಂದು ಗೊತ್ತಾಗಲಿ ಎಂದು ಆ ಪದ್ಧತಿ ಬಂತೆಂದು ಹೇಳುತ್ತಾರೆ. ಇದೇ ಗೌಹರ್ ಜಾನ್ 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದರು. 1930ರ ಜನವರಿ 17ರಂದು ಮೈಸೂರಿನಲ್ಲೇ ಕಣ್ಣುಮುಚ್ಚಿದರು. ಅವರು ಹೋಗಿ ತೊಂಬತ್ತು ವರ್ಷ ದಾಟಿತು, ದನಿ ಮಾತ್ರ ಉಳಿದಿದೆ.

ಉಳಿಯಲು ಒಂದು ಕಾರಣ ಆ ತಟ್ಟೆ ತುಂಬ ಸರಳ ವಸ್ತುವಾಗಿದ್ದದ್ದು. ಗ್ರಾಮಫೋನ್ ಯಂತ್ರ ಕೆಟ್ಟರೂ ತಟ್ಟೆಯನ್ನು ಕೈಯಲ್ಲಿ ತಿರುಗಿಸಿ, ಕಾಗದದ ಕೊಳವೆಗೆ ಸೂಜಿ ಸಿಕ್ಕಿಸಿ ಗೀರಿನ ಮೇಲೆ ಇಟ್ಟರೆ ಕೀರಲಾಗಿಯಾದರೂ ಹಾಡು ಕೇಳುತ್ತದೆ. ಸಿ.ಡಿ.ಯಲ್ಲಿ ಅದು ಸಾಧ್ಯವಿಲ್ಲ. 12 ಸೆಂಟಿಮೀಟರ್ ಅಗಲ, 1.2 ಮಿಲಿಮೀಟರ್ ದಪ್ಪದ ಆ ಪ್ಲಾಸ್ಟಿಕ್ ಬಿಲ್ಲೆಯಲ್ಲಿ ಒಳಗಿನಿಂದ ಹೊರಕ್ಕೆ, ಕೋಡುಬಳೆಗಿಂತ ಚಕ್ಕುಲಿಯ ಹಾಗೆ ಎನ್ನಬೇಕು, ಸುತ್ತಿ ಸುತ್ತಿ ಬಂದ ಒಂದೇ ಗೆರೆ ಇದೆ. ಬಿಡಿಸಿ ಹಾಸಿದರೆ 5 ಕಿಲೋಮೀಟರಿಗೂ ಉದ್ದ. ಒಂದು ಸುತ್ತಿಗೂ ಇನ್ನೊಂದಕ್ಕೂ ನಡುವಿನ ಅಂತರ ಮಿಲಿಮೀಟರಿನ ಸಾವಿರದಲ್ಲಿ 1.6 ಪಾಲು. ಗೆರೆಯುದ್ದಕ್ಕೂ ಇರುವ ಸೂಕ್ಷ್ಮ ಗುಳಿಗಳ ಮೇಲೆ ಲೇಸರ್ ಬೆಳಕು ಬಿದ್ದು ಮರಳುವಾಗ ಆಗುವ ಏರಿಳಿತವನ್ನು ಯಂತ್ರ ಸೊನ್ನೆ, ಒಂದು ಎಂದು ಓದುತ್ತದೆ. ಅಂದರೆ ಡ್ರೈವ್ ಇಲ್ಲದ ಸಿ.ಡಿ. ಗೋಡೆಗೆ ನೇತುಹಾಕುವ ಹೊಳಪಿನ ತಟ್ಟೆ, ಅಷ್ಟೆ. ಊರಲ್ಲಿ ಹಕ್ಕಿ ಓಡಿಸಲು ತೋಟದಲ್ಲಿ ಕಟ್ಟಿದ್ದನ್ನು ನೀವೂ ನೋಡಿರಬಹುದು.

ಹಾಡಿಗೆಂದು ಹುಟ್ಟಿದ ಈ ಬಿಲ್ಲೆ ಕಂಪ್ಯೂಟರಿಗೆ ಬಂದಾಗ ಅದಕ್ಕೆ ಎದುರಾಳಿಯೇ ಇರಲಿಲ್ಲ. ಒಂದು ಫ್ಲಾಪಿಯಲ್ಲಿ 1.44 ಎಂ.ಬಿ. ಹಿಡಿಸಿದರೆ ಒಂದು ಸಿ.ಡಿ.ಯಲ್ಲಿ 650 ಎಂ.ಬಿ., ಹತ್ತಿರ ಹತ್ತಿರ 450 ಫ್ಲಾಪಿಗೆ ಸಮ. ವಿಂಡೋಸ್ 95 ಬಂದಾಗ ಒಂದು ಸಿ.ಡಿ. ಹಾಕಬಹುದಿತ್ತು, ಇಲ್ಲವೇ 13 ಫ್ಲಾಪಿಗಳನ್ನು ಒಂದಾದ ಮೇಲೊಂದರಂತೆ ತುರುಕುತ್ತ ಕೂರಬಹುದಿತ್ತು. ಆಮೇಲೆ ಮನೆಯಲ್ಲೇ 'ಬರ್ನ್' ಮಾಡುವ ಸಿ.ಡಿ. ಬಂತು. 1996ರಲ್ಲಿ ಜಪಾನಿನಿಂದ ಡಿ.ವಿ.ಡಿ. ಹೊರಟಿತು, ಸಿ.ಡಿ.ಯ ಏಳು ಪಟ್ಟು ಜಾಗ. 2000ದ ನಂತರದ ಹತ್ತು ವರ್ಷ ಡ್ರೈವ್ ಇಲ್ಲದ ಲ್ಯಾಪ್‌ಟಾಪ್ ಎಂದರೆ ಏನೋ ಕೊರತೆ ಇರುವ ಲ್ಯಾಪ್‌ಟಾಪ್.

ನಮ್ಮ ಅನಿವಾಸಿಗಳ ಮಟ್ಟಿಗೆ ಅದು ಬರೀ ಕಂಪ್ಯೂಟರಿನ ಭಾಗವಾಗಿರಲಿಲ್ಲ, ಸಿನಿಮಾ ಮಂದಿರವಾಗಿತ್ತು. ರಜೆಗೆ ಹೋದವರು ಮರಳುವಾಗ ಉಪ್ಪಿನಕಾಯಿ ಬಾಟಲಿಯ ಪಕ್ಕ ಸೀರೆಯಲ್ಲಿ ಸುತ್ತಿ ಸಿನಿಮಾ ಡಿಸ್ಕ್ ತರುತ್ತಿದ್ದರು. ವಿ.ಸಿ.ಡಿ.ಯಾದರೆ ಒಂದರಲ್ಲಿ 74 ನಿಮಿಷ ಮಾತ್ರ, ಆದ್ದರಿಂದ ಒಂದು ಚಿತ್ರಕ್ಕೆ ಎರಡು ಮೂರು ಬಿಲ್ಲೆ. ದೆಹಲಿ ಹತ್ತಿರದ ಮೋಸರ್ ಬೇರ್ ಕಂಪನಿ ಭಾರತೀಯ ಭಾಷೆಗಳ ಚಿತ್ರಗಳ ವಿ.ಸಿ.ಡಿ.ಯನ್ನು 28 ರೂಪಾಯಿಗೆ, ಡಿ.ವಿ.ಡಿ.ಯನ್ನು 34 ರೂಪಾಯಿಗೆ ಮಾರತೊಡಗಿದ ಮೇಲಂತೂ ತರುವವರಿಗೂ ಕಟ್ಟಿಕೊಡುವವರಿಗೂ ಉತ್ಸಾಹ. ಖಾಲಿ ಡಿಸ್ಕ್ ತಯಾರಿಕೆಯಲ್ಲಿ ಜಗತ್ತಿನ ದೊಡ್ಡ ಕಂಪನಿಗಳಲ್ಲಿ ಒಂದಾಗಿದ್ದ ಅದು 2018ರಲ್ಲಿ ದಿವಾಳಿಯೆದ್ದಿತು.

ಡಿ.ವಿ.ಡಿ.ಗೆ ಇನ್ನೊಂದು ಕಾಟ ಇತ್ತು. ಚಿತ್ರ ಕಂಪನಿಗಳು ಭೂಮಿಯನ್ನೇ ವಲಯಗಳಾಗಿ ಹಂಚಿಕೊಂಡಿದ್ದವು: ಅಮೆರಿಕ 1, ಯುರೋಪು 2, ಭಾರತ 5. ಐದರ ಡಿಸ್ಕ್ ಎರಡರ ಯಂತ್ರದಲ್ಲಿ ಓಡದು. ಲ್ಯಾಪ್‌ಟಾಪಿನ ಡ್ರೈವಿನಲ್ಲಿ ವಲಯ ಬದಲಿಸಬಹುದಿತ್ತು, ಆದರೆ ಐದೇ ಸಲ. ಐದನೆಯದಕ್ಕೆ ಎಲ್ಲಿ ನಿಂತಿತೋ ಅಲ್ಲೇ ಬೀಗ. ಪುಣ್ಯಕ್ಕೆ ಊರಿಂದ ಬರುತ್ತಿದ್ದ ಎಷ್ಟೋ ಡಿಸ್ಕ್‌ಗಳಿಗೆ ವಲಯದ ಬೇಲಿ ಇರುತ್ತಿರಲಿಲ್ಲ. ಆದರೂ ಒಂದು ಯಂತ್ರದ ಒಳಗೆ ಇಂಥ ವೀಸಾ ನಿಯಮ ಕೂರಿಸಿದವರ ಬುದ್ಧಿಗೆ ಏನನ್ನಬೇಕು!

ಇಳಿಗಾಲ ಶುರುವಾದ ದಿನವನ್ನು ಹೆಚ್ಚು ಕಡಿಮೆ ಬೆರಳಿಟ್ಟು ತೋರಿಸಬಹುದು. 2008ರ ಜನವರಿ 15ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸ್ಟೀವ್ ಜಾಬ್ಸ್ ಕಚೇರಿ ಲಕೋಟೆಯೊಂದರಿಂದ ಮ್ಯಾಕ್‌ಬುಕ್ ಏರ್ ತೆಗೆದು ತೋರಿಸಿದರು. ಅದರಲ್ಲಿ ಡ್ರೈವ್ ಇರಲಿಲ್ಲ. ಬೇಕಾದವರು 99 ಡಾಲರ್ ಕೊಟ್ಟು ಹೊರಗಿನಿಂದ ಜೋಡಿಸಿಕೊಳ್ಳಬೇಕಿತ್ತು. ಹತ್ತು ವರ್ಷ ಹಿಂದೆ, 1998ರಲ್ಲಿ, ಐಮ್ಯಾಕ್‌ನಿಂದ ಫ್ಲಾಪಿಯನ್ನು ಕಿತ್ತು ಸಿ.ಡಿ.ಯನ್ನು ಉಳಿಸಿಕೊಂಡವರೂ ಅವರೇ. ಲೆಕ್ಕ ಸರಿಯಾಗಿಯೇ ಇತ್ತು. ಲ್ಯಾಪ್‌ಟಾಪ್ ಡ್ರೈವಿನ ದಪ್ಪ ಸಾಮಾನ್ಯವಾಗಿ 12.7 ಮಿಲಿಮೀಟರ್, ಆಮೇಲೆ 9.5ಕ್ಕೆ ಇಳಿಯಿತು. ಏರ್‌ನ ದಪ್ಪನೆಯ ಕಡೆಯೇ 19.4 ಮಿಲಿಮೀಟರ್, ತೆಳುವಾದ ಕಡೆ ಬರೀ 4. ಅದರಲ್ಲಿ ತಿರುಗುವ ತಟ್ಟೆಗೆ ಎಲ್ಲಿಂದ ಜಾಗ ತರುವುದು? ಡ್ರೈವ್ ತೆಗೆದರೆ ಬ್ಯಾಟರಿಗೆ ಜಾಗ, ಭಾರ ಕಡಿಮೆ, ಗುಂಯ್ ಎನ್ನುವ ಸದ್ದೂ ಇಲ್ಲ. 2011ರಲ್ಲಿ ಇಂಟೆಲ್ 'ಅಲ್ಟ್ರಾಬುಕ್' ಎಂಬ ತೆಳು ಮಾದರಿ ಮುಂದಿಟ್ಟಿತು. 2012ರಲ್ಲಿ ಆ್ಯಪಲ್‌ನ ರೆಟಿನಾ ಮ್ಯಾಕ್‌ಬುಕ್ ಪ್ರೊ ಕೂಡ ಡ್ರೈವ್ ಇಲ್ಲದೆ ಬಂತು. ಉಳಿದವರು ಹಿಂಬಾಲಿಸಿದರು. ಜಪಾನಿನವರು ಮಾತ್ರ ಬೇಗ ಕೈಬಿಡಲಿಲ್ಲ.

ಒಂದು ಮಾತು ಮಾತ್ರ ಮರೆಯಬಾರದು. ಏರ್ ಹೊರಬಂದ ಅದೇ ದಿನ, ಅದೇ ವೇದಿಕೆಯಲ್ಲಿ, ಅಂತರಜಾಲದ ಮೂಲಕ ಸಿನಿಮಾ ಬಾಡಿಗೆಗೆ ಕೊಡುವ ಯೋಜನೆಯನ್ನೂ ಆ್ಯಪಲ್ ಪ್ರಕಟಿಸಿತು. ತಟ್ಟೆ ಹೋದ ಜಾಗಕ್ಕೆ ಬಾಡಿಗೆ ಬಂತು. ಎರಡನ್ನೂ ಬೇರೆ ಬೇರೆ ಎಂದು ನೋಡಲು ನನಗೆ ಮನಸ್ಸು ಬರುವುದಿಲ್ಲ.

ಹೊಸದನ್ನು ನೋಡುವುದಕ್ಕೆ, ಕೇಳುವುದಕ್ಕೆ ಇಂದು ಲ್ಯಾಪ್‌ಟಾಪಿನ ಒಳಗೆ ಡ್ರೈವ್ ಬೇಡ, ಇದರಲ್ಲಿ ತಕರಾರಿಲ್ಲ. ವಿಂಡೋಸ್ 10 ಅಂಗಡಿಗೆ ಬಂದದ್ದೇ ಪೆನ್‌ಡ್ರೈವಿನಲ್ಲಿ. 1998ರಿಂದ ಅಂಚೆಯಲ್ಲಿ ಡಿ.ವಿ.ಡಿ. ಕಳಿಸಿ ದೊಡ್ಡದಾದ ನೆಟ್‌ಫ್ಲಿಕ್ಸ್ 2023ರ ಸೆಪ್ಟೆಂಬರ್ 29ಕ್ಕೆ ಆ ಕೆಲಸ ನಿಲ್ಲಿಸಿತು. ಬ್ಲೂ-ರೇ ಎಂಬ ಮೂರನೆಯ ಪೀಳಿಗೆಯ ಖಾಲಿ ಡಿಸ್ಕ್ ಮಾಡುವುದನ್ನು ಸೋನಿ 2025ರ ಫೆಬ್ರವರಿಯಲ್ಲಿ ಕೈಬಿಟ್ಟಿತು. ಇಷ್ಟಕ್ಕೂ ಡ್ರೈವ್ ಇದ್ದ ಮಾತ್ರಕ್ಕೆ ಸಾಲದು. 2012ರ ವಿಂಡೋಸ್ 8ರಿಂದ ಡಿ.ವಿ.ಡಿ. ಚಿತ್ರ ಓಡಿಸುವ ತಂತ್ರಾಂಶವನ್ನು ಮೈಕ್ರೋಸಾಫ್ಟ್ ಜೊತೆಗೆ ಕೊಡುವುದನ್ನು ನಿಲ್ಲಿಸಿತು, ವಿ.ಎಲ್.ಸಿ.ಯಂಥ ಉಚಿತ ತಂತ್ರಾಂಶ ನಾವೇ ಹಾಕಿಕೊಳ್ಳಬೇಕು.

ಪ್ರಶ್ನೆ ಇರುವುದು ಹಳೆಯದರ ಬಗ್ಗೆ. ನಮ್ಮ ಕನ್ನಡ ಕೂಟದ ಕಪಾಟಿನಲ್ಲಿ ಇಪ್ಪತ್ತು ವರ್ಷಗಳ ಯುಗಾದಿ, ರಾಜ್ಯೋತ್ಸವಗಳು ಡಿಸ್ಕ್‌ಗಳಲ್ಲಿ ಕೂತಿವೆ. ಅವನ್ನು ಪಟ್ಟಿ ಮಾಡುವ ಕೆಲಸ ಹೋದ ಚಳಿಗಾಲದಲ್ಲಿ ನನ್ನ ಪಾಲಿಗೆ ಬಂತು. ಅಬ್ಬಾ ತಂಡದ ಡಿಸ್ಕ್ ಹಾಳಾದರೆ ಜಗತ್ತಿನಲ್ಲಿ ಲಕ್ಷಾಂತರ ಪ್ರತಿ ಇವೆ. ಈಗ ನಮ್ಮೊಂದಿಗಿಲ್ಲದ ಹಿರಿಯರೊಬ್ಬರು ಇಲ್ಲಿನ ಚರ್ಚಿನ ಸಭಾಂಗಣದಲ್ಲಿ ಮಾಡಿದ ಗಮಕ ವಾಚನ ಒಂದೇ ಒಂದು ಡಿಸ್ಕ್‌ನಲ್ಲಿದೆ. ಅವರ ಮಗಳ ಬಳಿಯೂ ಇನ್ನೊಂದಿಲ್ಲ.

ಕಾರ್ಖಾನೆಯಲ್ಲಿ ಒತ್ತಿದ ಡಿಸ್ಕ್‌ಗೂ ಮನೆಯಲ್ಲಿ ಬರೆದ ಡಿಸ್ಕ್‌ಗೂ ವ್ಯತ್ಯಾಸ ಇರುವುದು ಇಲ್ಲಿಯೇ. ಒತ್ತಿದ್ದರಲ್ಲಿ ಗುಳಿಗಳು ಪ್ಲಾಸ್ಟಿಕ್ಕಿನಲ್ಲೇ ಮೂಡಿರುತ್ತವೆ. ಮನೆಯಲ್ಲಿ ಬರೆದದ್ದರಲ್ಲಿ ಗುಳಿ ಇಲ್ಲ. ಬಣ್ಣದ ಒಂದು ತೆಳು ಪದರವನ್ನು ಲೇಸರ್ ಸುಟ್ಟು ಗುರುತು ಮಾಡಿರುತ್ತದೆ. ಆ ಬಣ್ಣ ಬಿಸಿಲಿಗೆ, ಸೆಕೆಗೆ, ತೇವಕ್ಕೆ ಮಾಸುತ್ತದೆ. ನಮ್ಮ ಕಪಾಟಿನವೆಲ್ಲ ಈ ಎರಡನೆಯ ಜಾತಿ. ಕಿಟಕಿ ಪಕ್ಕದ ಅರೆಯಲ್ಲಿದ್ದ ಕೆಲವು ಆಗಲೇ ಓದಲು ಬಾರದಾಗಿವೆ. ಗಮಕದ್ದು ಕೆಳಗಿನ ಅರೆಯಲ್ಲಿದ್ದುದರಿಂದ ಬದುಕಿತು.

ಓಲೆಗರಿಯಲ್ಲಿ ಕಬ್ಬಿಣದ ಮೊನೆಯಿಂದ ಕೊರೆದು ಮಸಿ ತೀಡಿದ ನಮ್ಮ ಕಾವ್ಯಗಳು ಸಾವಿರ ವರ್ಷ ಬಂದದ್ದು ಗರಿ ಗಟ್ಟಿ ಎಂಬ ಕಾರಣಕ್ಕಲ್ಲ. ಗರಿಗೆ ಹುಳ ಹಿಡಿಯುವ ಮೊದಲು ಯಾರೋ ಇನ್ನೊಂದು ಗರಿಗೆ ಇಳಿಸಿದರು. ಪೊನ್ನನ ಶಾಂತಿಪುರಾಣ ಕಾಣೆಯಾದೀತೆಂದು ಅತ್ತಿಮಬ್ಬೆ ಸಾವಿರ ಪ್ರತಿ ಬರೆಸಿದಳೆಂದು ಎಂ.ಎ. ತರಗತಿಯಲ್ಲಿ ಓದುವಾಗ ನನಗೆ ಅದು ದಾನದ ಕತೆಯಾಗಿ ಮಾತ್ರ ಕಂಡಿತ್ತು. ಕಪಾಟಿನ ಮುಂದೆ ಕೂತಾಗ ಅದು ಕಚೇರಿ ಕೆಲಸದ ಹಾಗೆ ಕಂಡಿತು: ಎಷ್ಟು ಗರಿ, ಎಷ್ಟು ಜನ ಲಿಪಿಕಾರರು, ಯಾರು ತಾಳೆ ನೋಡಿದರು?

ಹಾಗಾಗಿ ನನ್ನ ಉತ್ತರ ಇಷ್ಟು. ಪ್ರತಿ ಲ್ಯಾಪ್‌ಟಾಪಿನ ಒಳಗೂ ಡ್ರೈವ್ ಬೇಡ. ಆದರೆ ಪ್ರತಿ ಕೂಟದಲ್ಲಿ, ಸಾಧ್ಯವಾದರೆ ಪ್ರತಿ ಬಂಧುಬಳಗದಲ್ಲಿ, ಯು.ಎಸ್.ಬಿ.ಗೆ ಸಿಕ್ಕಿಸುವ ಒಂದು ಡ್ರೈವ್ ಇರಲಿ, ಅದನ್ನು ಈಗಲೇ ಬಳಸಿ. ಮೂವತ್ತು ಯೂರೋ ಆಸುಪಾಸಿಗೆ ಸಿಗುತ್ತದೆ. ಮೊದಲು ಮನೆಯಲ್ಲಿ ಬರೆದ ಡಿಸ್ಕ್‌ಗಳನ್ನು ಇಳಿಸಿಕೊಳ್ಳಿ, ಸಿನಿಮಾದವು ಕಾಯಲಿ. ಇಳಿಸಿದ್ದನ್ನು ಒಂದೇ ಜಾಗದಲ್ಲಿ ಇಡಬೇಡಿ. ಡಿಸ್ಕ್ ಒರೆಸುವಾಗ ವೃತ್ತಾಕಾರವಾಗಿ ಒರೆಸದೆ ಒಳಗಿನಿಂದ ಅಂಚಿನ ಕಡೆಗೆ ನೇರ ಒರೆಸಿ; ಗೀರು ಬಿದ್ದರೂ ಗೆರೆಯ ಉದ್ದಕ್ಕೆ ಬೀಳುವುದಿಲ್ಲ. ಜರ್ಮನಿಯಲ್ಲಿ ಎಂ.ಆರ್.ಐ. ಮಾಡಿಸಿದವರಿಗೆ ಇಂದಿಗೂ ಎಷ್ಟೋ ಕಡೆ ಕೈಗೆ ಕೊಡುವುದು ಸಿ.ಡಿ.ಯೇ, ಅದಕ್ಕೂ ಈ ಡ್ರೈವ್ ಆಗುತ್ತದೆ. ನಮ್ಮ ಕೂಟದ್ದು ನನ್ನ ಮನೆಯಲ್ಲಿದೆ. ಹ್ಯಾನೋವರ್ ಸುತ್ತಮುತ್ತಲಿನವರು ಒಯ್ಯಬಹುದು, ಎರಡು ವಾರಕ್ಕೆ. ಕೇಬಲ್ ಮರೆಯದೆ ವಾಪಸ್ ತನ್ನಿ.