ಹಾಕಿಕೊಂಡವರ ಹೆಸರು ಉಳಿಯಿತು, ಹೆಣೆದವರದು?

ಮೊಮ್ಮಗಳಿಗೆ ಬಣ್ಣಬಣ್ಣದ ಚಿತ್ತಾರದ ಸ್ವೆಟರ್ ಹೆಣೆಯುತ್ತಿರುವ ಫೋಟೋ ಹಾಕಿದ್ದೇ ತಡ, ಧಾರವಾಡದಿಂದ ಪ್ರಶ್ನೆ ಬಂತು: "ಟೆಕ್ಸಾಸ್ ಅಂದ್ರ ಬಿಸಲೂರು. ಅಲ್ಲೇನ್ ಚಳಿ ಐತಿ ಅಂತ ಸ್ವೆಟರ್ರೀ ಅಕ್ಕಾರ?"

ಬಿಸಲೂರು ಹೌದು. ಆದರೆ 2021ರ ಫೆಬ್ರುವರಿ 16ರಂದು ಡಲ್ಲಾಸ್‌ನಲ್ಲಿ ಮೈನಸ್ 19 ಡಿಗ್ರಿ ಇತ್ತು. ಡಲ್ಲಾಸ್, ಆಸ್ಟಿನ್, ಹ್ಯೂಸ್ಟನ್ ಮೂರೂ ಕಡೆ ಲಕ್ಷಾಂತರ ಮನೆಗಳಿಗೆ ಕರೆಂಟ್ ಇರಲಿಲ್ಲ. ರಾಜ್ಯದಲ್ಲಿ ಇನ್ನೂರಕ್ಕೂ ಹೆಚ್ಚು ಜನ ತೀರಿಕೊಂಡರು, ಅವರಲ್ಲಿ ಬಹಳಷ್ಟು ಜನ ಮೈ ತಣ್ಣಗಾಗಿಯೇ ಹೋದವರು. ಹೀಟರ್ ನಿಂತ ಮನೆಯಲ್ಲಿ ಮಗುವಿನ ಮೈ ದೊಡ್ಡವರಿಗಿಂತ ಬೇಗ ತಣ್ಣಗಾಗುತ್ತದೆ. ಇದು ನರ್ಸ್ ಆಗಿ ಹೇಳುವ ಮಾತು.

ನಾನು ಹೆಣೆಯುತ್ತಿರುವ ಚಿತ್ತಾರಕ್ಕೆ ಫೇರ್ ಐಲ್ ಎಂದು ಹೆಸರು. ಅದು ಸ್ಕಾಟ್ಲೆಂಡಿನ ಉತ್ತರಕ್ಕೆ, ಶೆಟ್ಲೆಂಡ್ ಗುಂಪಿನ ಒಂದು ಪುಟ್ಟ ದ್ವೀಪ. ಸ್ವೆಟರಿನಲ್ಲಿ ಎಷ್ಟೇ ಬಣ್ಣ ಕಂಡರೂ ಒಂದು ಸಾಲಿನಲ್ಲಿ ಸಾಮಾನ್ಯವಾಗಿ ಎರಡೇ ಬಣ್ಣ. ಒಂದು ಎಳೆ ಮುಂದೆ ಹೂವಾಗುತ್ತದೆ, ಇನ್ನೊಂದು ಹಿಂದೆ ಅಡಗಿ ಸಾಗುತ್ತದೆ. ಹಿಂದಿನ ಎಳೆಯಿಂದ ಬಟ್ಟೆ ಎರಡು ಪದರವಾಗುವುದರಿಂದಲೇ ಇದು ಅಷ್ಟು ಬೆಚ್ಚಗೆ.

1588ರಲ್ಲಿ ಎಲ್ ಗ್ರಾನ್ ಗ್ರಿಫೋನ್ ಎಂಬ ಸ್ಪೇನಿನ ಹಡಗು ಆ ದ್ವೀಪದಲ್ಲಿ ಒಡೆಯಿತು. ಅದರ ನಾವಿಕರೇ ಈ ಚಿತ್ತಾರ ಕಲಿಸಿದರು ಎಂಬ ಕತೆಯಿದೆ. ಹಡಗು ಒಡೆದದ್ದು ನಿಜ, ಕಲಿಸಿದರು ಎನ್ನುವುದಕ್ಕೆ ಆಧಾರವಿಲ್ಲ. ಹೆಂಗಸರು ತಾವೇ ಕಟ್ಟಿಕೊಂಡ ವಿದ್ಯೆ ಎಂದರೆ ಲೋಕ ನಂಬುವುದು ನಿಧಾನ, ನೋಡಿ.

ಆ ದ್ವೀಪಗಳಲ್ಲಿ ಹೆಣೆದ ಮಾಲು ಅಂಗಡಿಗೆ ಕೊಟ್ಟರೆ ಕೈಗೆ ದುಡ್ಡು ಬರುವುದು ಅಪರೂಪ. ಚಹಾಪುಡಿ, ಬಟ್ಟೆ, ಅಂಗಡಿಯವನು ಕೊಟ್ಟದ್ದೇ ಕೂಲಿ. ಬ್ರಿಟಿಷ್ ಸರ್ಕಾರ ವಿಚಾರಣೆ ನಡೆಸಿ 1872ರಲ್ಲಿ ವರದಿ ತಂದಾಗ ಹೆಣೆಯುವ ಹೆಂಗಸರೇ ಸಾಕ್ಷಿ ಹೇಳಿದ್ದರು. 1922ರಲ್ಲಿ ಇಂಗ್ಲೆಂಡಿನ ಯುವರಾಜ ಎಡ್ವರ್ಡ್ ಗಾಲ್ಫ್ ಮೈದಾನಕ್ಕೆ ಫೇರ್ ಐಲ್ ಸ್ವೆಟರ್ ಹಾಕಿಕೊಂಡು ಹೋದ, ಅದೇ ಫ್ಯಾಷನ್ ಆಯಿತು. ಅದನ್ನು ಹೆಣೆದ ಕೈ ಯಾರದು ಎಂದು ಯಾರೂ ಕೇಳಲಿಲ್ಲ.

ಉಳಿದ ಹೆಸರುಗಳೂ ಹಾಗೇ. ಕಾರ್ಡಿಗನ್, ರಾಗ್ಲನ್ ತೋಳು: ಎರಡೂ 1853–56ರ ಕ್ರಿಮಿಯಾ ಯುದ್ಧದ ಸೇನಾಧಿಕಾರಿಗಳ ಹೆಸರು. ನಮ್ಮ ಮಂಕಿ ಕ್ಯಾಪಿಗೆ ಇಂಗ್ಲಿಷರು ಹೇಳುವ ಬಾಲಾಕ್ಲಾವ ಅದೇ ಯುದ್ಧದ ರಣರಂಗ. ಆ ಯುದ್ಧದಿಂದ ನಮಗೆ ಹೆಚ್ಚಾಗಿ ಉಳಿದ ಹೆಣ್ಣಿನ ಹೆಸರು ಫ್ಲಾರೆನ್ಸ್ ನೈಟಿಂಗೇಲ್ ಅವರದು. ಸೈನಿಕರಿಗೆ ಉಣ್ಣೆ ಹೆಣೆದು ಕಳಿಸಿದವರ ಹೆಸರು ಕೇಳಿದವರುಂಟೇ?

ಟೆಕ್ಸಾಸ್‌ನಲ್ಲಿ ಮಾತ್ರ ಒಂದು ಬದಲಾವಣೆ ಕಂಡೆ. 2005ರಲ್ಲಿ ಹ್ಯೂಸ್ಟನ್ನಿನ ಮಗ್ಡಾ ಸಾಯೆಗ್ ತಮ್ಮ ಅಂಗಡಿಯ ಬಾಗಿಲ ಹಿಡಿಗೆ ಉಲ್ಲನ್ ಕವಚ ಹೆಣೆದರು. ಜನ ನಿಂತು ನೋಡಿದರು. ಆಮೇಲೆ ಕಂಬ, ಬೋರ್ಡು ಎಲ್ಲಕ್ಕೂ ಹೆಣಿಗೆ ತೊಡಿಸುವುದು ಜಗತ್ತಿನ ಊರೂರಿಗೆ ಹರಡಿತು. 2011ರಲ್ಲಿ ಆಸ್ಟಿನ್ನಿನ ಬ್ಲಾಂಟನ್ ಮ್ಯೂಸಿಯಂ ಎದುರು 99 ಮರಗಳಿಗೆ ಬಣ್ಣದ ಅಂಗಿ ಬಂತು. ಹೆಣೆದಾಕೆಗೆ ಅಂತೂ ಹೆಸರು ಸಿಕ್ಕಿತು. ಜೊತೆಗೆ ದುಡಿದ ಸ್ವಯಂಸೇವಕರ ಹೆಸರು ಮಾತ್ರ ಇಲ್ಲೂ ಮರೆಯಲ್ಲೇ ಉಳಿಯಿತು.

ನಮ್ಮ ಕಡೆ ಹಳೇ ಸೀರೆ ಸೇರಿಸಿ ಕೌದಿ ಹೊಲಿದವರು, ತೊಟ್ಟಿಲಿಗೆ ಹಾಕುವ ದಿನ ಕುಂಚಿಗಿ, ಕುಲಾವಿ ತಂದ ತವರಿನವರು, ಅವರ ಕೈಗೆಲಸಕ್ಕೆ ಯಾವ ವರದಿಯೂ ಇಲ್ಲ. ಕೌದಿ ಹರಿದರೆ ಅವರ ನೆನಪೂ ಹೋಯಿತು. ಅದಕ್ಕೇ ಈ ಸ್ವೆಟರಿನ ಕೊರಳಪಟ್ಟಿಯ ಒಳಗೆ ಮೂರು ಹೆಸರು ಕನ್ನಡದಲ್ಲೇ ದಾರದಲ್ಲಿ ಹೊಲಿಯುತ್ತಿದ್ದೇನೆ: ನನ್ನ ಅಜ್ಜಿಯದು, ಅವ್ವನದು, ನನ್ನದು. ಎರಡು ವರ್ಷಕ್ಕೆ ಅಂಗಿ ಮೊಮ್ಮಗಳಿಗೆ ಸಣ್ಣದಾಗುತ್ತದೆ. ಹೆಸರು ಓದಲು ಆಕೆ ಕನ್ನಡ ಕಲಿಯಬೇಕಾಗುತ್ತದೆ. ಕಲಿಯಲಿ.

ನಿಮ್ಮ ಮೊದಲ ಕುಂಚಿಗಿ ಹೊಲಿದವರು ಯಾರು? ಮನೆಯ ಹಿರಿಯರು ಇರುವಾಗಲೇ ಕೇಳಿ ಬರೆದಿಡಿ.