ಟೋಕಿಯೋದ ಕೊಳ, ಇಟಲಿಯ ಸಂಜೆ

ಇಟಲಿಯ ಚಿತ್ರಕಲೆ ಅಂದ ಕೂಡಲೇ ನಮಗೆ ನೆನಪಾಗೋದು ಲಿಯೊನಾರ್ಡೊ, ಮೈಕೆಲೆಂಜೆಲೊ, ಅಲ್ಲಿಗೆ ಮುಗೀತು. ಹತ್ತೊಂಬತ್ತನೇ ಶತಮಾನಕ್ಕೆ ಬಂದರೆ ಎಲ್ಲರ ಕಣ್ಣೂ ಫ್ರಾನ್ಸಿನ ಕಡೆ. ಹಾಗಾಗಿ ಆಂತೋನಿಯೋ ಫೊಂತನೇಸಿ ಅನ್ನೋ ಹೆಸರು ನಮ್ಮ ಕಿವಿಗೆ ಬಿದ್ದದ್ದು ಕಡಿಮೆ. ಇವನ ಬಗ್ಗೆ ನನಗೆ ಕುತೂಹಲ ಹುಟ್ಟಿಸಿದ್ದು ‘ಶಿನೋಬಾಜು ಕೊಳ’ ಅನ್ನೋ ಚಿತ್ರ. ಬರೆದವನು ಇಟಲಿಯವನು. ಕೊಳ ಇರೋದು ಟೋಕಿಯೋದ ಉಯೆನೋದಲ್ಲಿ. ಚಿತ್ರ ಸೇರಿರೋದೂ ಟೋಕಿಯೋ ನ್ಯಾಷನಲ್ ಮ್ಯೂಸಿಯಂ ಸಂಗ್ರಹಕ್ಕೇ! ಆದ್ರೆ ಹೆಸರು ಮುಚ್ಚಿಟ್ಟು ತೋರಿಸಿದ್ರೆ ಯಾರೂ ಜಪಾನ್ ಅನ್ನಲ್ಲ. ಕಂದು-ಹೊಂಬಣ್ಣದ ಮಬ್ಬು ಬೆಳಕು, ಕಪ್ಪಾಗಿ ನಿಂತ ಮರ, ನೀರಿನ ಮೇಲೆ ಉಳಿದ ಚೂರು ಹೊಳಪು... ಯುರೋಪಿನ ಯಾವುದೋ ಸರೋವರದ ಸಂಜೆಯ ಹಾಗೇ ಇದೆ.

ಫೊಂತನೇಸಿ ಹುಟ್ಟಿದ್ದು 1818ರಲ್ಲಿ, ರೆಜ್ಜೋ ಎಮೀಲಿಯಾ ಅನ್ನೋ ಊರಲ್ಲಿ. ಶುರುವಿನಲ್ಲಿ ನಾಟಕದ ಪರದೆ ಬರೆದ. 1848ರಲ್ಲಿ ಗರಿಬಾಲ್ಡಿಯ ಸ್ವಯಂಸೇವಕರ ಜೊತೆ ಸೇರಿಕೊಂಡ. ಹೋರಾಟ ಸೋತ ಮೇಲೆ 1850ರಲ್ಲಿ ಜಿನೀವಾಕ್ಕೆ ಹೋಗಿ ಹದಿನೈದು ವರ್ಷ ಅಲ್ಲೇ ಉಳಿದ. 1855ರಲ್ಲಿ ಪ್ಯಾರಿಸ್ಸಿನಲ್ಲಿ ಬಾರ್ಬಿಜಾನ್ ಚಿತ್ರಕಾರರ ಕೆಲಸ ನೋಡಿದ, ಆಮೇಲೆ ಲಂಡನ್ನಿನಲ್ಲಿ ಟರ್ನರ್‌ನನ್ನು ನೋಡಿದ. 1869ಕ್ಕೆ ತೂರಿನ್‌ನ ಅಕಾಡೆಮಿಯಲ್ಲಿ ಭೂದೃಶ್ಯ ಚಿತ್ರದ ಪ್ರೊಫೆಸರ್. 1873ರ ‘ಏಪ್ರಿಲ್’ ಅನ್ನೋ ಚಿತ್ರ ಆ ಕಾಲದ್ದು, ಸವಾಯ್ ಸೀಮೆಯ ಬೂರ್ಜೆ ಸರೋವರದ ದಡದ ವಸಂತ. ವಸಂತ ಅಂದ್ರೂ ಅದರಲ್ಲಿ ಸಡಗರ ಇಲ್ಲ, ಏನೋ ಕಳಕೊಂಡವನು ವಸಂತವನ್ನ ನೋಡ್ತಿರೋ ಹಾಗಿದೆ.

1876ರಲ್ಲಿ ಜಪಾನ್ ಸರ್ಕಾರ ಟೋಕಿಯೋದಲ್ಲಿ ಒಂದು ಕಲಾಶಾಲೆ ತೆರೆಯಿತು. ಮಜಾ ಏನಂದ್ರೆ ಇದು ಲೋಕೋಪಯೋಗಿ ಖಾತೆಯ ಕೆಳಗಿತ್ತು! ರೈಲು, ತಂತಿ, ಸೇತುವೆ ಕಲಿತ ಹಾಗೇ ಚಿತ್ರ ಬರೆಯೋದನ್ನೂ ಕಲಿಯೋಣ ಅನ್ನೋ ಲೆಕ್ಕಾಚಾರ. ಇಟಲಿಯಿಂದ ಮೂವರನ್ನ ಕರೆಸಿದರು. ಶಿಲ್ಪಕ್ಕೆ ರಗೂಸಾ, ವಾಸ್ತುವಿಗೆ ಕಪ್ಪೆಲ್ಲೆತ್ತಿ, ಚಿತ್ರಕ್ಕೆ ನಮ್ಮ ಫೊಂತನೇಸಿ, ಆಗ ಅವನಿಗೆ ಐವತ್ತೆಂಟು. ಅಳತೆಗೋಲು ಹಿಡಿದು ಬರೆಯೋದನ್ನ ಕಲಿಸ್ತಾನೆ ಅಂತ ಕರೆಸಿದ್ದು, ಬಂದವನು ಮಂಜು, ಮೋಡ, ಮುಸ್ಸಂಜೆಯ ಕವಿ. ನನಗಂತೂ ಇದೊಂದು ದೊಡ್ಡ ಅದೃಷ್ಟದ ಎಡವಟ್ಟು ಅನ್ನಿಸತ್ತೆ.

ಹಾಗಂತ ಅವನು ಪಾಠದಲ್ಲಿ ಸಡಿಲ ಬಿಟ್ಟವನಲ್ಲ. ಪರ್ಸ್ಪೆಕ್ಟಿವ್, ದೇಹರಚನೆ, ಪ್ಲಾಸ್ಟರ್ ಮೂರ್ತಿ ನೋಡಿ ಬರೆಯೋದು, ಆಮೇಲೆ ಬಯಲಿಗೆ ಹೋಗಿ ಬರೆಯೋದು, ಎಲ್ಲಾ ಕ್ರಮವಾಗಿ, ದುಭಾಷಿಯ ಮೂಲಕ. ಹೆಣ್ಣುಮಕ್ಕಳಿಗೂ ಪ್ರವೇಶ ಇತ್ತು. ಅವರಲ್ಲಿ ಒಬ್ಬಳು ಯಾಮಶಿತಾ ರಿನ್, ಮುಂದೆ ರಷ್ಯಾಕ್ಕೆ ಹೋಗಿ ಚರ್ಚಿನ ಐಕಾನ್ ಚಿತ್ರಗಳನ್ನ ಬರೆಯೋದು ಕಲಿತು ಬಂದಳು.

ಇದೆಲ್ಲಾ ನಡೆದದ್ದು ಬರೀ ಎರಡು ವರ್ಷ. ಆರೋಗ್ಯ ಕೆಟ್ಟು 1878ರಲ್ಲಿ ಫೊಂತನೇಸಿ ಊರಿಗೆ ವಾಪಸ್ಸಾದ. ಜಾಗಕ್ಕೆ ಬಂದ ಮೇಷ್ಟ್ರು ಹುಡುಗರಿಗೆ ಒಂಚೂರೂ ಹಿಡಿಸಲಿಲ್ಲ. ಮುಖ್ಯ ಶಿಷ್ಯರು ಶಾಲೆ ಬಿಟ್ಟು ಹೊರಗೆ ಬಂದು ‘ಹನ್ನೊಂದರ ಸಂಘ’ ಅಂತ ಕಟ್ಟಿಕೊಂಡರು. ಎರಡು ವರ್ಷ ಪಾಠ ಹೇಳಿದ, ಭಾಷೆ ಬಾರದ ಮೇಷ್ಟ್ರಿಗಾಗಿ ಸರ್ಕಾರಿ ಶಾಲೆ ಬಿಡೋದು ಅಂದ್ರೆ ಸುಮ್ನೇನಾ?

ಅಷ್ಟರಲ್ಲಿ ಗಾಳಿ ತಿರುಗಿತು. 1882ರಲ್ಲಿ ಫೆನೊಲೋಸಾ ಅನ್ನೋ ಅಮೆರಿಕದವನು ಭಾಷಣ ಮಾಡಿ, ಎಣ್ಣೆಬಣ್ಣಕ್ಕಿಂತ ನಿಮ್ಮ ಚಿತ್ರಕಲೆಯೇ ಮೇಲು ಅಂದ. ಅದೇ ವರ್ಷದ ಸರ್ಕಾರಿ ಚಿತ್ರಪ್ರದರ್ಶನದಲ್ಲಿ ಪಾಶ್ಚಾತ್ಯ ಶೈಲಿಗೆ ಜಾಗವೇ ಇರಲಿಲ್ಲ. 1883ರಲ್ಲಿ ಶಾಲೆಯೂ ಮುಚ್ಚಿತು. ಆದ್ರೂ ಶಿಷ್ಯ ಅಸಾಯ್ ಚೂ ಕೈಬಿಡಲಿಲ್ಲ. 1890ರ ಅವನ ‘ಸುಗ್ಗಿ’ ಚಿತ್ರದಲ್ಲಿ ಜಪಾನಿನ ರೈತರ ಮೇಲೆ ಬಿದ್ದಿರೋದು ಗುರುವಿನದೇ ಕಂದು ಬೆಳಕು.

ಆ ಕಡೆ ಗುರುವಿಗೆ ಊರಲ್ಲೂ ಸುಖ ಇಲ್ಲ. 1880ರ ತೂರಿನ್ ರಾಷ್ಟ್ರೀಯ ಪ್ರದರ್ಶನದಲ್ಲಿ ‘ಮೋಡಗಳು’ ಅನ್ನೋ ದೊಡ್ಡ ಕ್ಯಾನ್ವಾಸ್ ಇಟ್ಟ. ಜನಕ್ಕೆ ಅದು ದಕ್ಕಲಿಲ್ಲ. 1882ರ ಏಪ್ರಿಲ್‌ನಲ್ಲಿ ತೀರಿಕೊಂಡ. ಏಪ್ರಿಲ್ಲೇ, ನೋಡಿ. ಶಿಷ್ಯ ಕಲ್ದೆರೀನಿ ಅವನ ಜೀವನ ಚರಿತ್ರೆ ಪ್ರಕಟಿಸಿದ್ದು 1901ರಲ್ಲಿ.

ಈ ಕಥೆಯ ಒಂದು ಎಳೆ ನಮ್ಮ ತನಕ ಬರತ್ತೆ. ಫೆನೊಲೋಸಾನ ಶಿಷ್ಯ ಒಕಕುರಾ 1902ರಲ್ಲಿ ಕಲ್ಕತ್ತೆಯಲ್ಲಿದ್ದು ಠಾಕೂರರ ಮನೆಗೆ ಆಪ್ತನಾದ. ಮಾರನೇ ವರ್ಷ ಅವನ ಕಡೆಯಿಂದ ತೈಕಾನ್, ಶುನ್ಸೋ ಅನ್ನೋ ಚಿತ್ರಕಾರರು ಬಂದರು. ಅವರಿಂದ ಅವನೀಂದ್ರನಾಥರು ವಾಷ್ ಪದ್ಧತಿ ಕಲಿತರು. ಅವನೀಂದ್ರರ ಹತ್ತಿರ 1909ರಿಂದ ಕಲಿತವರು ಮೈಸೂರಿನ ಕೆ. ವೆಂಕಟಪ್ಪ. ಅಂದ್ರೆ ಫೊಂತನೇಸಿಯ ವಿರುದ್ಧ ಪಕ್ಷದ ವಿದ್ಯೆ ನಮಗೆ ಬಂತು. ಆದ್ರೆ ವೆಂಕಟಪ್ಪನವರ ಊಟಿ ಜಲವರ್ಣಗಳನ್ನ ನೆನಪು ಮಾಡಿಕೊಳ್ಳಿ. ಬೆಟ್ಟ, ಮಂಜು, ಅದರೊಳಗಿಂದ ಹೊರಬೀಳೋ ಬೆಳಕು. ಇವೆರಡನ್ನೂ ಅಕ್ಕಪಕ್ಕ ಇಟ್ಟು ಒಮ್ಮೆ ನೋಡಬೇಕು ಅಂತ ನನಗೆ ಬಹಳ ಆಸೆ.